ಹತ್ತು ಉಳ್ಳಾಗಡ್ಡಿ ಮತ್ತು ಕಂಪ್ಯೂಟರು

ಕಸ್ತೂರಿ ವೈನಿ,

ಹಾಲು ಕಾಯಿಸಿಟ್ಟಿದ್ದೇನೆ, ಬೆಕ್ಕು ಒಳಗೇ ಇದೆ, ನೋಡಿಕೊಳ್ಳಿ. ನೀವು ಹೊಲದಿಂದ ಬರುವಷ್ಟರಲ್ಲಿ ನಾನು ಆಲಮಟ್ಟಿ ಬಸ್ಸಿನಲ್ಲಿರುತ್ತೇನೆ. ಕಟ್ಟೆಯ ಮೇಲಿನ ಹತ್ತು ಉಳ್ಳಾಗಡ್ಡಿಗಳನ್ನು ಇನ್ನು ಪಲ್ಯಕ್ಕೆ ಹಾಕಬಹುದು.

ಟಪಾಲು ಬಂತು. ಹಾಳೆಯ ಮೇಲೆ ಬರೆದು ಕಳಿಸಿದ್ದ ನಮ್ಮ ಪ್ರೋಗ್ರಾಮಿಗೆ ಪುಣೆಯ ಕಂಪ್ಯೂಟರು ಉತ್ತರ ಕೊಟ್ಟಿದೆ. ನಾವು ಕೊಟ್ಟಿದ್ದ ಹತ್ತೂ ಅಂಕಿ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಂತಿವೆ.

ಹೋದ ತಿಂಗಳು ಪ್ರೋಗ್ರಾಮು ಎರಡನೆಯ ಸಲವೂ ಉತ್ತರವಿಲ್ಲದೆ ಮರಳಿದಾಗ, ಕಂಪ್ಯೂಟರನ್ನೇ ಕಾಣದೆ ಅದರ ಭಾಷೆ ಕಲಿಯುವುದು ಹುಚ್ಚು ಅನ್ನಿಸಿತ್ತು. ಅದನ್ನು ಕಲಿಯಲೆಂದು ಆಲಮಟ್ಟಿ ಅಣೆಕಟ್ಟಿನ ಇಂಜಿನಿಯರ್ ಬಸಂತರಾಯರು ಕೊಟ್ಟಿದ್ದ ಪುಸ್ತಕವನ್ನು ತಿರುಗಿ ಕೊಡಲು ಚೀಲಕ್ಕೂ ಹಾಕಿದ್ದೆ. ಆಗ ನೀವು, "ಕಂಪ್ಯೂಟರ್ ಇಲ್ಲಂದ್ರ ನಾ ಅದೀನಿ. ಹೇಳಿದ್ದಷ್ಟ ಮಾಡ್ತೇನಿ" ಎಂದು ಉಳ್ಳಾಗಡ್ಡಿ ಸಾಲಿಟ್ಟು ಕುಳಿತಿರಿ. ನಾನು ಬರೆದಂತೆಯೇ ಪಕ್ಕಪಕ್ಕದ ಎರಡನ್ನು ಹೋಲಿಸಿ ದೊಡ್ಡದನ್ನು ಬಲಕ್ಕೆ ಸರಿಸುತ್ತ ಹೋದಿರಿ. ಎಲ್ಲ ಸಾಲಾದ ಮೇಲೂ ಮತ್ತೆ ಮೊದಲಿನಿಂದ ಹೋಲಿಸಿದಿರಿ. ಹಂಚಿನ ಮೇಲೆ ರೊಟ್ಟಿ ಕರಕಾದರೂ ಏಳಲಿಲ್ಲ. "ನಿಲ್ಲು ಅಂತ ನೀ ಎಲ್ಲಿ ಬರದೀ ತಮ್ಮಾ?" ಅಂದಿರಿ. ತಪ್ಪು ಅದೊಂದೇ ಆಗಿತ್ತು. ಅದನ್ನು ಸೇರಿಸಿ ಕಳಿಸಿದೆ.

ಇವತ್ತು ಬಸಂತರಾಯರಲ್ಲಿ ಎರಡನೆಯ ಪುಸ್ತಕ ಕೇಳುತ್ತೇನೆ. ಇವನಿಗೆ ಕಂಪ್ಯೂಟರಿನ ಹುಚ್ಚು ಎಂದು ಅಣ್ಣ ನಕ್ಕರೆ ನಗಲಿ.

ಉತ್ತರದ ಹಾಳೆ ದೇವರ ಮಾಡದಲ್ಲಿದೆ, ಎಣ್ಣೆ ಕೈಯಲ್ಲಿ ಮುಟ್ಟಬೇಡಿ. ಉತ್ತರದ ಮೇಲುಗಡೆ ನಮ್ಮ ಪ್ರೋಗ್ರಾಮೂ ಅಚ್ಚಾಗಿದೆ; ಅದರ ಮೊದಲ ಸಾಲು ಬರೀ ಟಿಪ್ಪಣಿ, ಯಂತ್ರ ಅದನ್ನು ಸುಮ್ಮನೆ ದಾಟಿ ಹೋಗುತ್ತದೆ. ಅಲ್ಲಿ ನಮಗೆ ಬೇಕಾದದ್ದನ್ನು ಬರೆಯಬಹುದು. ಇಂಗ್ಲಿಷಿನಲ್ಲಿ ಅಲ್ಲಿರುವುದು ನಿಮ್ಮ ಹೆಸರು.

ಶ್ರೀಶೈಲ