ಫಲಕದ ಮೇಲಿನ ನಿಲುವು

ನೆಬ್ರಾಸ್ಕಾದಿಂದ ವಾಷಿಂಗ್ಟನ್ ಸಂಸತ್ತಿಗೆ ಹೊರಟಿರುವ ಅಭ್ಯರ್ಥಿ ಬ್ರೆಂಟ್ ಹಾಲ್ವರ್ಸನ್ ಅವರಿಗೆ,

ನಮ್ಮ ಅಡುಗೆಮನೆಯಲ್ಲಿ ಕೂತು ನೀವು ಚೆರ್ರಿ ಪೈ ತಿನ್ನುತ್ತಿರುವ ಚಿತ್ರ ಅಂಚೆಯಲ್ಲಿ ಬಂತು. ಕೆಳಗೆ ‘ಇವರು ಜನರ ಮಾತು ಕೇಳುತ್ತಾರೆ’ ಎಂದು ಅಚ್ಚಾಗಿದೆ. ಕೇಳಿದಿರಿ, ನಿಜ. ನನ್ನ ಗಂಡ ವರ್ಲಿನ್ ದಿನಾ ಚುಚ್ಚಿಕೊಳ್ಳುವ ಇನ್ಸುಲಿನ್ನಿನ ಬೆಲೆ ಇಳಿಸುವ ಮಸೂದೆಗೆ ಮತ ಹಾಕುತ್ತೀರಾ ಎಂದು ಕೇಳಿದೆ.

“ಒಳ್ಳೇ ಪ್ರಶ್ನೆ ಕಣಮ್ಮಾ. ಇದನ್ನೆಲ್ಲಾ ಕೂತು ಮಾತಾಡ್ಬೇಕು” ಎಂದಿರಿ.

ಕೂತೇ ಇದ್ದೆವಲ್ಲ!

ಗಡಿ ದಾಟಿ ಬಂದ ಕೂಲಿಗಳ ವಿಷಯಕ್ಕೂ ಯುದ್ಧದ ವಿಷಯಕ್ಕೂ ಅಡ್ಡಗೋಡೆಯ ಮೇಲೆ ಅದೇ ದೀಪ ಇಟ್ಟಿರಿ. ಬಂದೂಕಿನ ಮಾತು ಬಂದಾಗ ಮಾತ್ರ ವರ್ಲಿನ್ ತಲೆಯ ಮೇಲಿದ್ದ ಬೇಟೆ ಟೋಪಿಯನ್ನು ನೋಡಿಕೊಂಡು, “ಬಂದೂಕು ನಮ್ಮ ಹಕ್ಕು!” ಎಂದು ಮೇಜು ಗುದ್ದಿದಿರಿ. ಆ ಟೋಪಿ ನನ್ನ ತಮ್ಮನದು. ವರ್ಲಿನ್ ಮೊಲಕ್ಕೂ ಗುರಿ ಇಟ್ಟವನಲ್ಲ.

ನಿಮ್ಮವರು ನಮ್ಮ ಅಂಗಳದಲ್ಲಿ ನೆಟ್ಟ ನಿಮ್ಮ ಚುನಾವಣಾ ಪ್ರಚಾರದ ಫಲಕ ಕಾಣುತ್ತಿಲ್ಲ ಎಂದು ನಿಮ್ಮ ಕಚೇರಿಯವರು ಫೋನ್ ಮಾಡಿದ್ದರು. ದಯವಿಟ್ಟು ಇನ್ನೊಂದನ್ನು ಕಳಿಸಬೇಡಿ. ಫಲಕ ಅಲ್ಲೇ ಇದೆ. ನಿಮ್ಮ ಹೆಸರಿನ ಮೇಲೆ ಬಣ್ಣ ಬಳಿದು ‘ಇಲ್ಲಿ ಮೊಟ್ಟೆ ಸಿಗುತ್ತದೆ’ ಎಂದು ಬರೆದಿದ್ದೇನೆ. ಈಗ ಅದನ್ನು ಓದಿದವರಿಗೆ ಏನು ಸಿಗುತ್ತದೆ ಎಂದಾದರೂ ಗೊತ್ತಾಗುತ್ತದೆ.

ನಿಮ್ಮ ಕ್ಷೇತ್ರದ ಮತದಾರಳು,
ಲೋರ್ನಾ ಕುಬಿಚೆಕ್