ಹಡಗಿನ ಬಾಲ್ಕನಿ

ಬೀದಿ ಸಂಘದ ಅಧ್ಯಕ್ಷರಿಗೆ,

'ಮಾನ್ಯರೇ' ಅಂತ ಬರೆಯಲು ಕೈ ಬರಲಿಲ್ಲ. ನಿಮ್ಮಪ್ಪ ಬೆಳಿಗ್ಗೆಯಿಂದ ನಮ್ಮ ಮನೆಯಲ್ಲಿದ್ದಾರೆ. ತಿಂಡಿ ಆಗಿದೆ.

ಮೊದಲು ನಮ್ಮ ಬೀದಿಯಲ್ಲಿ ಒಂದು ಮನೆಯ ಹಾಗೆ ಇನ್ನೊಂದು ಇರಲಿಲ್ಲ. ಎದುರುಮನೆಗೆ ಗುಂಡು ಕಿಟಕಿ, ಮೂಲೆಮನೆಗೆ ಕೆಂಪು ಹೆಂಚು, ನಮ್ಮದಕ್ಕೆ ಹಡಗಿನ ಮೂತಿಯಂಥ ಬಾಲ್ಕನಿ. ನಿಮ್ಮ ಕಣ್ಣಿಗೆ ಅದೆಲ್ಲ ಸಂತೆಯ ಹಾಗೆ ಕಂಡಿತು. ನೀರು ನಿಲ್ಲಿಸುತ್ತೇನೆಂದು ಹೆದರಿಸಿ ಎಲ್ಲರಿಗೂ ಒಂದೇ ಬಿಳಿ ಬಣ್ಣ ಬಳಿಸಿದಿರಿ, ಒಂದೇ ಕಪ್ಪು ಗೇಟು ಹಾಕಿಸಿದಿರಿ. ನಮ್ಮ ಬಾಲ್ಕನಿಯನ್ನಂತೂ ಮುಂದೆ ನಿಂತು ಒಡೆಸಿದಿರಿ.

ಮರೆವು ಶುರುವಾದ ಮೇಲೂ ನಿಮ್ಮಪ್ಪ ವಾಕಿಂಗ್ ಹೋಗಿ ತಪ್ಪದೆ ಮನೆ ಸೇರುತ್ತಿದ್ದರು. ಹೇಗೆ ಗೊತ್ತಾ? "ಹಡಗಾದ ಮೇಲೆ ಮೂರನೆಯದು ನಮ್ಮದು" ಅಂತ ಹೇಳಿಕೊಂಡು. ಆ ಹಡಗನ್ನೂ ಬೀದಿಯ ಉಳಿದ ಮನೆಗಳನ್ನೂ ಕಟ್ಟಿದ ಮೇಸ್ತ್ರಿ ಅವರೇ. ಇವತ್ತು ನಾಲ್ಕು ಗೇಟು ತಟ್ಟಿ, ನಾಲ್ಕು ಕಡೆ ಬೈಸಿಕೊಂಡು, ಕೊನೆಗೆ ನಮ್ಮ ಮೆಟ್ಟಿಲ ಮೇಲೆ ಕೂತರು.

"ನಾನು ಕಟ್ಟಿದ ಬೀದೀನ ಯಾರಮ್ಮ ಕದ್ದಿದ್ದು?" ಅಂತ ಕೇಳುತ್ತಿದ್ದಾರೆ. ನಿಮ್ಮ ಹೆಸರು ನಾಲಿಗೆ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

ಬಂದು ಕರೆದುಕೊಂಡು ಹೋಗಿ. ಮನೆಯ ಗುರುತು ಮಾತ್ರ ಕೇಳಬೇಡಿ. ನೀವೂ ಒಂದೊಂದೇ ಗೇಟು ತಟ್ಟಿಕೊಂಡು ಬನ್ನಿ.

ಇಂತಿ,
ಹಡಗು ಇದ್ದ ಮನೆಯಾಕೆ