ಸಾಧು ಮೀಟರ್

ಜೂನ್ 9, ಬೆಳಗ್ಗೆ 5.20

ಪಾಪು ಈಗ ಮಲಗಿತು. ನನ್ನ ನಿದ್ದೆ ಒಟ್ಟು ಎರಡು ತಾಸು. ಆರೂವರೆ ಬಸ್ಸಿಗೆ ಹರಿಹರ ಬಿಟ್ಟು ದಾವಣಗೆರೆ ಲ್ಯಾಬ್, ಅಲ್ಲಿಂದ ಬಾತಿಯ ಬೋರ್‌ವೆಲ್‌ಗಳು. ನೀರಲ್ಲಿ ನೈಟ್ರೇಟ್ ನೋಡೋಕೆ ಲ್ಯಾಬಲ್ಲಿ ಎರಡು ಮೀಟರ್. ಹೊಸದಕ್ಕೆ ದಿನಾ ಕ್ಯಾಲಿಬ್ರೇಶನ್, ಅಳತೆ ಸರಿಹೊಂದಿಸೋದು — ಮುಕ್ಕಾಲು ಗಂಟೆ. ಹಳೇದಕ್ಕೆ ಏನೂ ಬೇಡ. ಎಲ್ಲಿ ಅದ್ದಿದರೂ 38. ನಲವತ್ತೈದರೊಳಗಿದ್ದರೆ ಕುಡಿಯಲು ಯೋಗ್ಯ. ಓನರ್ ರುದ್ರಮುನಿ ಸರ್ ಅದಕ್ಕಿಟ್ಟ ಹೆಸರು ‘ಸಾಧು’.

"ಸಾಧುನ್ನೇ ಒಯ್ರಿ ಮೇಡಂ. ಯಾರ ಜೊತೆಗೂ ಜಗಳ ಆಡಲ್ಲ ಅದು."

ಮೂರು ವಾರದಿಂದ ಅದನ್ನೇ ಒಯ್ತಿದೀನಿ. ಎಂ.ಎಸ್ಸಿ. ಓದಿದ್ದು ಇದಕ್ಕೆ.

ಜೂನ್ 12

ಇವತ್ತು ನಮ್ಮ ಬೀದಿಯದೇ ಬೋರ್. ಸಾಧು — 38. ಸೈನ್ ಹಾಕಿದೆ. ಅವ್ವ ಪಾಪುನ್ನ ಸೊಂಟದ ಮೇಲಿಟ್ಕೊಂಡು ನೋಡ್ತಿದ್ಲು.

"ಹೆಂಗೈತೆ ನಮ್ಮ ನೀರು?"

"ಚೆನ್ನಾಗೈತೆ ಬಿಡವ್ವ."

"ನಾನಂತೂ ಇಪ್ಪತ್ತು ನಿಮಿಷ ಕುದಿಸೇ ಪೌಡರ್ ಹಾಲು ಕಲಸೋದು."

ಎದೆಹಾಲು ಬತ್ತಿ ತಿಂಗಳಾಯ್ತು. ರಜೆ ಕೇಳಿದ್ರೆ ಕಾಂಟ್ರಾಕ್ಟ್ ಹೋಗುತ್ತೆ...

ಜೂನ್ 23, ಆಸ್ಪತ್ರೆ

ತುಟಿ ನೀಲಿ. ಉಗುರೂ. ನಾಲ್ಕು ತಿಂಗಳ ಕೂಸಿಗೆ ಆಕ್ಸಿಜನ್.

"ಯಾವ ನೀರು ಕೊಡ್ತೀರಮ್ಮ? ನೈಟ್ರೇಟ್ ಜಾಸ್ತಿ ಇದ್ರೆ ಕೂಸು ಹಿಂಗೆ ನೀಲಿಗಟ್ಟುತ್ತೆ." — ಡಾಕ್ಟ್ರು.

"ಬೋರ್ ನೀರು. ಟೆಸ್ಟ್ ಆಗೈತೆ."

"ಯಾರು ಮಾಡಿದ್ದು?"

"ಲ್ಯಾಬ್‌ನೋರು" ಅಂದೆ.

ಜೂನ್ 25

ಪಾಪು ಮನೆಗೆ ಬಂತು. ಹೊಸ ಮೀಟರ್ ತಂದೆ. ಮುಕ್ಕಾಲು ಗಂಟೆ ಕೂತು ಕ್ಯಾಲಿಬ್ರೇಟ್ ಮಾಡಿದೆ. ಬೋರ್ ನೀರು — 96. ಅವ್ವ ಕುದಿಸಿ ಫ್ಲಾಸ್ಕಿಗೆ ಹಾಕಿದ್ದು — 121. ಕುದಿಸಿದ್ರೆ ನೀರು ಆವಿಯಾಗುತ್ತೆ, ನೈಟ್ರೇಟ್ ಆಗಲ್ಲ. ಪರೀಕ್ಷೇಲಿ ಬರೆದಿದ್ದೆ, ಐದು ಮಾರ್ಕ್ಸ್ ಬಂದಿತ್ತು. ಸಾಧುನ್ನ ನೈಟ್ರೇಟೇ ಇಲ್ಲದ ಡಿಸ್ಟಿಲ್ಡ್ ವಾಟರಿಗೆ ಅದ್ದಿದೆ. 38.

ರುದ್ರಮುನಿ ಸರ್ ಫೋನಲ್ಲಿ: "ಈಗ ರಿಪೋರ್ಟ್ ತಿದ್ದಿದ್ರೆ ಯಾವ ಮೀಟರ್ ಒಯ್ದಿದ್ರಿ ಅಂತ ಕೇಳ್ತಾರೆ. ಸೈನ್ ನಿಮ್ದೈತೆ ನೋಡ್ರಿ."

ಸುಳ್ಳಲ್ಲ. ಪಾಪುಗೆ ಕ್ಯಾನ್ ನೀರು ತಂದಿಟ್ಟೆ. ಅವ್ವಂಗೆ ಯಾಕಂತ ಹೇಳಿಲ್ಲ. ಕುದಿಸಿದ ಕೈ ಅವಳದು.

ಜೂನ್ 26, ಬೆಳಗ್ಗೆ 6.40

ಎದುರುಮನೆ ಕಮಲಕ್ಕ ಬಂದಿದಾರೆ, ಪಾಪುನ್ನ ಮಾತಾಡಿಸೋಕೆ, ಕೈಲಿ ಫ್ಲಾಸ್ಕು. ಅವರ ಮೊಮ್ಮಗಳಿಗೆ ಎರಡು ತಿಂಗಳು, ಅದಕ್ಕೂ ಪೌಡರ್ ಹಾಲು. ಅದೇ ಬೋರ್. ಕಟ್ಟೆ ಮೇಲೆ ಅವ್ವನ ಮಾತು ಕೇಳ್ತಾ ಐತೆ —

"ನಮ್ಮ ಹುಡುಗೀನೇ ಟೆಸ್ಟ್ ಮಾಡಿ ಬರೆದುಕೊಟ್ಟಾಳೆ, ಹೆದರಬ್ಯಾಡ. ಕುದಿಸೋಕೆ ನಿನಗೆಲ್ಲಿ ಪುರಸೊತ್ತು, ಕೊಡಿಲ್ಲಿ ಫ್ಲಾಸ್ಕು."

ಒಳಗೆ ಬಂದ್ಲು. ಸ್ಟೋವ್ ಹಚ್ಚಿದ್ಲು. ಬೋರ್ ನೀರಿನ ಪಾತ್ರೆ ಇಟ್ಲು. ಹೇಳಬೇಕು, ಈಗಲೇ. ಅವ್ವ, ಆ ನೀರು ನಾನು —